ಉಂಬ್ರವೋ, ತೆನೆಬ್ರೈಯೋ? ಲ್ಯಾಟಿನ್ನಿನ ನೆರಳು, ಕತ್ತಲು ಮತ್ತು ಮಬ್ಬು

ಪ್ರಶ್ನೆ: ನಾನು ಹವ್ಯಾಸಿ ಛಾಯಾಗ್ರಾಹಕಿ. ಹಳೆಯ ಮನೆಗಳ ಜಗಲಿಯ ನೆರಳು, ಒಳಕೋಣೆಯ ಕತ್ತಲು, ದೀಪ ಹಚ್ಚುವ ಹೊತ್ತಿನ ಹಿತ್ತಲು, ಇಂಥ ಚಿತ್ರಗಳದ್ದೊಂದು ಪ್ರದರ್ಶನ ಮಾಡುತ್ತಿದ್ದೇನೆ. ಅದಕ್ಕೆ ಲ್ಯಾಟಿನ್ ಹೆಸರಿಡುವ ಆಸೆ. ಹುಡುಕಿದರೆ ಅಂಬ್ರಾ, ಟೆನೆಬ್ರಾ, ಅಬ್ಸ್ಕ್ಯೂರಾ, ಕ್ಯಾಲಿಗೋ ಎಂದು ಸಾಲಾಗಿ ಬರುತ್ತವೆ. ಎಲ್ಲಕ್ಕೂ ಅರ್ಥ ‘ಕತ್ತಲೆ’ ಅಂತಲೇ ಇದೆ. ಇವುಗಳಲ್ಲಿ ನಿಜವಾಗಿ ವ್ಯತ್ಯಾಸ ಇದೆಯಾ? ಯಾವುದನ್ನು ಇಡಲಿ?

ಉತ್ತರ: ವ್ಯತ್ಯಾಸ ಇದೆ, ಬೇಕಾದಷ್ಟಿದೆ. ಹೆಸರಿನ ಮಾತಿಗೆ ಬರುವ ಮೊದಲು ಇಂಗ್ಲಿಷ್ ನಿಘಂಟನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಈ ಪದಗಳ ಮಟ್ಟಿಗೆ ಲ್ಯಾಟಿನ್‌ಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ನನಗೆ ಇದು ಗೊತ್ತಾಗಿದ್ದು ತಡವಾಗಿ.

ಲ್ಯಾಟಿನ್ ಕಲಿಯಲು ಶುರು ಮಾಡಿದಾಗ ನಾನು ಓದಿದ ಮೊದಲ ಕವಿತೆ ವರ್ಜಿಲನದು. ದನ ಕುರಿ ಕಾಯುವವನೊಬ್ಬ ಮರದ ಕೆಳಗೆ ಒರಗಿ ಕೊಳಲು ಊದುತ್ತಿರುತ್ತಾನೆ. ಅವನನ್ನು ಕವಿ ‘ಲೆಂತುಸ್ ಇನ್ ಉಂಬ್ರಾ’ ಎನ್ನುತ್ತಾನೆ. ನೆರಳಲ್ಲಿ ಆರಾಮಾಗಿ ಬಿದ್ದುಕೊಂಡವನು ಎಂದರ್ಥ. ನಿಘಂಟು ನೋಡಿದರೆ ಉಂಬ್ರಕ್ಕೆ ‘ಶ್ಯಾಡೋ’ ಎಂದೂ ಇತ್ತು, ‘ಶೇಡ್’ ಎಂದೂ ಇತ್ತು. ಯಾವುದು ಸರಿ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಪಾಠ ಹೇಳುತ್ತಿದ್ದವರು ನಕ್ಕು, ‘ಅದನ್ನು ಕನ್ನಡದಲ್ಲಿ ಹೇಳು ನೋಡೋಣ’ ಅಂದರು. ‘ನೆರಳು’ ಅಂದೆ. ಮುಗಿಯಿತು.

ಮರದ ಕೆಳಗಿನ ತಂಪಿಗೂ ಗೋಡೆಯ ಮೇಲೆ ಬೀಳುವ ಆಕಾರಕ್ಕೂ ಇಂಗ್ಲಿಷಿಗೆ ಬೇರೆ ಬೇರೆ ಪದ ಬೇಕು. ನಮಗೆ ‘ನೆರಳು’ ಒಂದೇ ಸಾಕು. ಲ್ಯಾಟಿನ್‌ಗೂ ‘ಉಂಬ್ರ’ ಒಂದೇ ಸಾಕು. ಅದೇ ಕವಿತೆಯ ಕೊನೆಯ ಸಾಲಿನಲ್ಲಿ ಸಂಜೆಯಾಗಿ, ಎತ್ತರದ ಬೆಟ್ಟಗಳಿಂದ ಉದ್ದುದ್ದ ನೆರಳು ಬೀಳುತ್ತದೆ. ಅಲ್ಲೂ ಉಂಬ್ರವೇ. ಕವಿತೆಯ ಮೊದಲಲ್ಲಿ ತಂಪಾಗಿದ್ದ ನೆರಳು ಕೊನೆಯಲ್ಲಿ ಇರುಳಿನ ಮುನ್ಸೂಚನೆ ಆಗುತ್ತದೆ. ಪದ ಒಂದೇ ಆಗಿರುವುದರಿಂದಲೇ ಈ ಆಟ ಸಾಧ್ಯವಾಯಿತು. ಇಂಗ್ಲಿಷ್ ಅನುವಾದದಲ್ಲಿ ಇದು ಕೈತಪ್ಪಿ ಹೋಗುತ್ತದೆ. ಕನ್ನಡದಲ್ಲಿ ಹೋಗುವುದಿಲ್ಲ.

ಉಂಬ್ರದ ವಿಷಯದಲ್ಲಿ ನೆನಪಿಡಬೇಕಾದ್ದು ಒಂದೇ: ಅದು ಇರಬೇಕಾದರೆ ಬೆಳಕೂ ಇರಬೇಕು. ಬಿಸಿಲಿಗೆ ಏನೋ ಅಡ್ಡ ಬಂದಾಗ ಹುಟ್ಟುವುದು ಉಂಬ್ರ. ಹಾಗಾಗಿ ಅದಕ್ಕೆ ಒಡೆಯ ಇರುತ್ತಾನೆ. ಮರದ ಉಂಬ್ರ, ಬೆಟ್ಟದ ಉಂಬ್ರ, ಮನುಷ್ಯನ ಉಂಬ್ರ. ಈ ಒಂದು ಗುಣದಿಂದಲೇ ಪದದ ಉಳಿದ ಅರ್ಥಗಳೆಲ್ಲ ಬಂದವು.

ರೋಮಿನ ಔತಣಗಳಲ್ಲಿ ಕರೆದ ಅತಿಥಿಯ ಬೆನ್ನಿಗೆ ಕರೆಯದವರೂ ಒಬ್ಬಿಬ್ಬರು ಬರುತ್ತಿದ್ದರು. ಅವರಿಗೆ ಉಂಬ್ರ ಎಂದೇ ಹೆಸರು. ಹೊರೇಸ್ ಕವಿ ಸ್ನೇಹಿತನನ್ನು ಊಟಕ್ಕೆ ಕರೆಯುತ್ತಾ, ‘ಇನ್ನಷ್ಟು ನೆರಳುಗಳಿಗೂ ಜಾಗವಿದೆ’ ಎಂದು ಬರೆಯುತ್ತಾನೆ. ನಾವು ಬಾಲಂಗೋಚಿ ಎನ್ನುತ್ತೇವಲ್ಲ, ಅದೇ. ನಮ್ಮದು ಗಾಳಿಪಟದಿಂದ ಬಂತು, ಅವರದು ಬಿಸಿಲಿನಿಂದ.

ಇನ್ನೊಂದು ಅರ್ಥ ನನಗೆ ಇನ್ನೂ ಇಷ್ಟ. ಓದು ಬರಹದವರ ಬದುಕಿಗೆ ಉಂಬ್ರ ಎನ್ನುತ್ತಿದ್ದರು. ಕ್ರಿ.ಪೂ. 63ರಲ್ಲಿ ಮುರೇನಾ ಎಂಬ ಸೇನಾನಿಯ ಪರವಾಗಿ ವಾದಿಸುವಾಗ ವಾಗ್ಮಿ ಸಿಸೆರೋ ಜೋಡಿ ಜೋಡಿಯಾಗಿ ಹೇಳುತ್ತಾನೆ: ಪೇಟೆ ಪಾಳೆಯಕ್ಕೆ ದಾರಿ ಬಿಡಲಿ, ಬಿಡುವು ಯುದ್ಧಕ್ಕೆ, ಲೇಖನಿ ಕತ್ತಿಗೆ, ನೆರಳು ಬಿಸಿಲಿಗೆ. ಇಲ್ಲಿ ನೆರಳು ಎಂದರೆ ಕೂತು ಮಾಡುವ ಕೆಲಸ. ‘ನೆರಳಲ್ಲೇ ಬೆಳೆದವರು, ಅವರಿಗೇನು ಗೊತ್ತು’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ದನಿಯೇ ಇದು. ಸಿಸೆರೋ ಸ್ವತಃ ನೆರಳಿನ ಮನುಷ್ಯ ಅನ್ನೋದು ಬೇರೆ ಮಾತು.

ನೆರಳು ಯಾವಾಗಲೂ ಒಳ್ಳೆಯದು ಎಂದೂ ಅವರು ನಂಬಿರಲಿಲ್ಲ. ಕ್ರಿ.ಶ. ಮೊದಲ ಶತಮಾನದ ಹಿರಿಯ ಪ್ಲಿನಿ ತನ್ನ ‘ನಾತುರಾಲಿಸ್ ಹಿಸ್ತೋರಿಯಾ’ ಗ್ರಂಥದಲ್ಲಿ ಮರಗಳ ನೆರಳಿನ ಗುಣದೋಷಗಳನ್ನು ಕೂತು ಪಟ್ಟಿ ಮಾಡಿದ್ದಾನೆ. ಅಕ್ರೋಟು ಮರದ ನೆರಳು ಭಾರ, ಅದು ಮನುಷ್ಯರ ತಲೆಗೂ ಕೆಟ್ಟದ್ದು ಎನ್ನುತ್ತಾನೆ. ಅವನದೇ ಒಂದು ಮಾತಿದೆ: ನೆರಳು ಒಂದೋ ಹಾಲುಣಿಸುವ ದಾದಿ, ಇಲ್ಲವೇ ಮಲತಾಯಿ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬೇಡ ಎಂದು ಅಜ್ಜಿಯಿಂದ ಬೈಸಿಕೊಂಡವರಿಗೆ ಇದೇನೂ ಹೊಸದಲ್ಲ.

ಇದೇ ಪ್ಲಿನಿ ಭಾರತದ ನೆರಳಿನ ಬಗ್ಗೆಯೂ ಬರೆದಿದ್ದಾನೆ. ಭಾರತದಲ್ಲಿ ಮಾಲೆಯುಸ್ ಎಂಬ ಬೆಟ್ಟವಿದೆ, ಅಲ್ಲಿ ಬೇಸಿಗೆಯಲ್ಲಿ ನೆರಳು ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಬೀಳುತ್ತದೆ ಎನ್ನುತ್ತಾನೆ. ರೋಮಿನವರಿಗೆ ಇದು ಸೋಜಿಗ. ಅವರ ಊರಿನಲ್ಲಿ ನಡುಹಗಲ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ನಮಗೆ ಇದು ಮಾಮೂಲು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಶೂನ್ಯ ನೆರಳಿನ ದಿನ ಬರುತ್ತದೆ, ಅಂದರೆ ನಡುಹಗಲಲ್ಲಿ ಸೂರ್ಯ ನೇರ ನೆತ್ತಿಯ ಮೇಲಿರುವ ದಿನ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ವಾಲುತ್ತದೆ. ಜಗಲಿಯ ಚಿತ್ರ ತೆಗೆಯುವವರು ಇದನ್ನು ಗಮನಿಸಿರುತ್ತೀರಿ. ಹೀಗೆ ಎರಡೂ ಕಡೆ ನೆರಳು ಬೀಳುವ ನಾಡಿನವರಿಗೆ ಗ್ರೀಕರು ‘ಆಂಫಿಸ್ಕಿಯೋಯ್’ ಎಂಬ ಹೆಸರನ್ನೇ ಇಟ್ಟಿದ್ದರು, ಇಬ್ಬದಿ ನೆರಳಿನವರು ಎಂದು. ಅದರಲ್ಲಿರುವ ‘ಸ್ಕಿಯಾ’ ಎಂಬ ಗ್ರೀಕ್ ಪದವೂ ನಮ್ಮ ‘ಛಾಯೆ’ಯೂ ಒಂದೇ ಬೇರಿನವು. ಅಳಿಲಿಗೆ ಲ್ಯಾಟಿನ್ನಿನಲ್ಲಿ ‘ಸ್ಕಿಯೂರುಸ್’ ಎನ್ನುತ್ತಾರೆ. ಅದು ಗ್ರೀಕಿನಿಂದ ಬಂದದ್ದು: ಬಾಲವನ್ನೇ ನೆರಳು ಮಾಡಿಕೊಳ್ಳುವುದು! ಇಷ್ಟು ಚೆಂದದ ಹೆಸರು ಅಳಿಲಿಗೆ ಬೇರೆ ಯಾವ ಭಾಷೆಯಲ್ಲೂ ನಾನು ಕಂಡಿಲ್ಲ.

ಉಂಬ್ರದ ಮರಿಗಳು ನಿಮ್ಮ ಮನೆಯಲ್ಲೂ ಇವೆ. ‘ಉಂಬೆಲ್ಲ’ ಎಂದರೆ ಪುಟ್ಟ ನೆರಳು, ಅಂದರೆ ಕೊಡೆ. ಮಳೆಗಿಂತ ಬಿಸಿಲಿಗೇ ಅದನ್ನು ಹಿಡಿಯುತ್ತಿದ್ದರು. ಇಂಗ್ಲಿಷಿನ ಅಂಬ್ರೆಲಾ ಅದರ ವಂಶದ್ದೇ, ಇಟಲಿಯ ದಾರಿಯಾಗಿ ಬಂತು. ಸಬ್ಬಸಿಗೆ, ಕೊತ್ತಂಬರಿ, ಜೀರಿಗೆ, ಓಮ, ಇವುಗಳ ಹೂಗೊಂಚಲು ನೋಡಿ. ಒಂದೇ ಕಡೆಯಿಂದ ಕಡ್ಡಿಗಳು ಹರಡಿ, ಬಿಚ್ಚಿದ ಕೊಡೆಯ ಹಾಗೇ ಇರುತ್ತದೆ. ಅದಕ್ಕೇ ಸಸ್ಯಶಾಸ್ತ್ರಜ್ಞರು ಈ ಕುಟುಂಬವನ್ನು ಬಹಳ ಕಾಲ ಅಂಬೆಲಿಫೆರೆ, ಅಂದರೆ ಕೊಡೆ ಹೊತ್ತವು, ಎಂದು ಕರೆದರು.

ಗ್ರಹಣದ ಹೊತ್ತಿಗೆ ಕೇಳುವ ‘ಪೆನಂಬ್ರ’ ಮಾತ್ರ ರೋಮನ್ನರ ಪದವಲ್ಲ. ಖಗೋಳಶಾಸ್ತ್ರಜ್ಞ ಜೊಹಾನೆಸ್ ಕೆಪ್ಲರ್ 1604ರಲ್ಲಿ ಬೆಳಕಿನ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕಕ್ಕಾಗಿ ಕಟ್ಟಿದ ಪದ ಅದು. ‘ಪೈನೆ’ ಎಂದರೆ ಹೆಚ್ಚುಕಡಿಮೆ. ಹೆಚ್ಚುಕಡಿಮೆ ನೆರಳು. ನಾವು ಅರೆನೆರಳು ಎಂದೆವು. ಕೆಪ್ಲರನೇ ಕೇಳಿದ್ದರೂ ಒಪ್ಪುತ್ತಿದ್ದ ಅನಿಸುತ್ತದೆ.

ಈಗ ತೆನೆಬ್ರೈ. ಇದು ಉಂಬ್ರದ ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಬೇರೆಯೇ ಮನೆತನ. ಬೆಳಕು ಇಲ್ಲವೇ ಇಲ್ಲ ಎಂದಾಗ ತೆನೆಬ್ರೈ. ಅದಕ್ಕೆ ಒಡೆಯ ಇಲ್ಲ, ಆಕಾರ ಇಲ್ಲ, ಅಂಚೂ ಇಲ್ಲ. ವಿಚಿತ್ರ ಅಂದರೆ ಅದಕ್ಕೆ ಏಕವಚನವೂ ಇಲ್ಲ. ಒಳ್ಳೆಯ ಲ್ಯಾಟಿನ್ನಿನಲ್ಲಿ ಅದು ಬಹುವಚನದಲ್ಲೇ ಬರುತ್ತದೆ, ‘ಕತ್ತಲೆಗಳು’ ಎಂದ ಹಾಗೆ.

ಈ ಪದ ನಮಗೆ ನೆಂಟರ ಪೈಕಿ. ಸಂಸ್ಕೃತದ ‘ತಮಸ್’, ಕಡುಗತ್ತಲಿಗೆ ಹೇಳುವ ‘ತಮಿಸ್ರಾ’, ಲ್ಯಾಟಿನ್ನಿನ ‘ತೆನೆಬ್ರೈ’, ಮೂರೂ ಒಂದೇ ಬೇರಿನಿಂದ ಬಂದವು. ಶಾಲೆಯ ಪ್ರಾರ್ಥನೆಯಲ್ಲಿ ‘ತಮಸೋ ಮಾ ಜ್ಯೋತಿರ್ಗಮಯ’ ಎಂದಿದ್ದೀರಲ್ವಾ? ಜಿನೀವಾ ನಗರದ ಧ್ಯೇಯವಾಕ್ಯ ‘ಪೋಸ್ಟ್ ತೆನೆಬ್ರಾಸ್ ಲೂಕ್ಸ್’, ಕತ್ತಲೆಗಳ ನಂತರ ಬೆಳಕು. ಎರಡರಲ್ಲೂ ಕತ್ತಲಿಗೆ ಬಳಸಿದ್ದು ಒಂದೇ ಹಳೆಯ ಪದ, ರೂಪ ಮಾತ್ರ ಬೇರೆ. ಇದೇ ಬೇರಿನಿಂದ ಲ್ಯಾಟಿನ್ನಿಗೆ ‘ತೆಮೆರೆ’ ಎಂಬ ಇನ್ನೊಂದು ಪದವೂ ಬಂತು. ಹಿಂದುಮುಂದು ನೋಡದೆ ಎಂದು ಅರ್ಥ. ಮೂಲದಲ್ಲಿ ಅದು ‘ಕತ್ತಲಲ್ಲಿ’ ಎಂದಿತ್ತು. ಕತ್ತಲಲ್ಲಿ ಕಾಲಿಡುವವನು ಹಿಂದುಮುಂದು ಏನು ನೋಡಿಯಾನು!

ಚರ್ಚಿನ ಲ್ಯಾಟಿನ್ನಿನಲ್ಲಿ ತೆನೆಬ್ರೈಗೆ ಭಾರ ಜಾಸ್ತಿ. ಬೈಬಲ್ಲಿನ ಎರಡನೇ ವಾಕ್ಯದಲ್ಲೇ, ಪಾತಾಳದ ಮೇಲೆ ಕವಿದಿರುವುದು ತೆನೆಬ್ರೈ. ಯೇಸು ಶಿಲುಬೆಯ ಮೇಲಿದ್ದಾಗ ಭೂಮಿಗೆಲ್ಲ ಕವಿದದ್ದೂ ಅದೇ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಇದೇ ಹೆಸರಿನ ಹಳೆಯ ಪ್ರಾರ್ಥನಾ ವಿಧಿಯೊಂದಿದೆ. ಹದಿನೈದು ಮೇಣದ ಬತ್ತಿಗಳನ್ನು ಹಚ್ಚಿಟ್ಟು, ಒಂದೊಂದು ಕೀರ್ತನೆಗೆ ಒಂದೊಂದನ್ನು ಆರಿಸುತ್ತಾ ಹೋಗುತ್ತಾರೆ. ನೆನಪಿಡಿ, ನಿಮ್ಮ ಪ್ರದರ್ಶನಕ್ಕೆ ಬಂದ ಕ್ರೈಸ್ತರಲ್ಲಿ ಕೆಲವರಿಗಾದರೂ ಈ ಹೆಸರು ನೋಡಿದ ತಕ್ಷಣ ಆ ಬತ್ತಿಗಳು ಕಣ್ಣ ಮುಂದೆ ಬರುತ್ತವೆ.

ರೋಮಿನ ಬೀದಿಯಲ್ಲಿ ಈ ಪದಕ್ಕೆ ಇಷ್ಟು ಗಾಂಭೀರ್ಯ ಇರಲಿಲ್ಲ. ಜುವೆನಾಲ್ ಕವಿ ನಗರದ ಬಾಡಿಗೆ ಬಗ್ಗೆ ಗೊಣಗುತ್ತಾನೆ: ಇಲ್ಲಿ ಒಂದು ವರ್ಷಕ್ಕೆ ‘ಕತ್ತಲೆ’ಯನ್ನು ಬಾಡಿಗೆಗೆ ಹಿಡಿಯುವ ದುಡ್ಡಿನಲ್ಲಿ ಸೋರಾ, ಫ್ರುಸಿನೋದಂಥ ಸಣ್ಣ ಊರಿನಲ್ಲಿ ಒಳ್ಳೆಯ ಮನೆಯನ್ನೇ ಕೊಳ್ಳಬಹುದು. ಅವನು ‘ಕತ್ತಲು ಕೋಣೆ’ ಎನ್ನುವುದಿಲ್ಲ, ತೆನೆಬ್ರಾಸ್ ಎಂದಷ್ಟೇ ಹೇಳುತ್ತಾನೆ. ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಅಷ್ಟೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ.

‘ಒಬ್ಸ್ಕೂರುಸ್’ ನಾಮಪದವಲ್ಲ, ಗುಣವಾಚಕ. ಮೇಲೆ ಏನೋ ಮುಚ್ಚಿದ್ದರಿಂದ ಸರಿಯಾಗಿ ಕಾಣದ್ದು ಎಂಬುದು ಅದರ ಮೂಲ ಭಾವ. ಹಾಗಾಗಿ ಮನೆತನ ಗೊತ್ತಿಲ್ಲದವನೂ ಒಬ್ಸ್ಕೂರುಸ್, ಅರ್ಥ ಬಿಟ್ಟುಕೊಡದ ಮಾತೂ ಒಬ್ಸ್ಕೂರುಸ್. ‘ಬೆಳಕಿಗೆ ಬಾರದ ಕಲಾವಿದ’ ಎಂದು ನಾವು ಬರೆಯುವುದು ಇದೇ ಲೆಕ್ಕದಲ್ಲಿ. ನಿಮ್ಮ ಕೈಯಲ್ಲಿರುವ ಕ್ಯಾಮೆರಾದ ಪೂರ್ತಿ ಹೆಸರೂ ಇಲ್ಲಿಂದಲೇ ಬಂತು. ‘ಕಾಮೆರಾ ಒಬ್ಸ್ಕೂರಾ’, ಮುಚ್ಚಿ ಕತ್ತಲು ಮಾಡಿದ ಕೋಣೆ. ಈ ಹೆಸರನ್ನು ಬಳಕೆಗೆ ತಂದವನೂ ಕೆಪ್ಲರನೇ, ಅದೇ 1604ರ ಪುಸ್ತಕದಲ್ಲಿ. ಗೋಡೆಯ ಒಂದು ತೂತಿನಿಂದ ಹೊರಗಿನ ಚಿತ್ರ ಒಳಗೆ ಬೀಳಬೇಕು, ಅದಕ್ಕೆ ಒಳಗೆ ಕತ್ತಲಿರಬೇಕು. ಆದರೆ ‘ಒಬ್ಸ್ಕೂರಾ’ ಎಂದಷ್ಟೇ ಪ್ರದರ್ಶನಕ್ಕೆ ಹೆಸರಿಟ್ಟರೆ ಲ್ಯಾಟಿನ್ ಓದಿದವರಿಗೆ ‘ಮಸುಕಾದವಳು’ ಎಂದ ಹಾಗೆ ಕೇಳುತ್ತದೆ. ಯಾರು ಅವಳು ಎಂದು ಕೇಳಿದರೆ ನಿಮಗೆ ಕಷ್ಟ.

‘ಕಾಲೀಗೋ’ ಮಂಜು ಬೆರೆತ ಕತ್ತಲು. ಕಾವಳ ಕವಿಯಿತು ಎನ್ನುತ್ತೇವಲ್ಲ, ಆ ಕಾವಳ. ಹೊಗೆ, ಧೂಳು, ಮಂಜು, ಇವುಗಳಿಂದ ಕಣ್ಣೆದುರು ದಪ್ಪ ಪರದೆ ಬಿದ್ದಾಗ ಈ ಪದ. ಕಣ್ಣು ಮಂಜಾಗುವುದಕ್ಕೂ ಇದೇ. ಲ್ಯಾಟಿನ್ ಬೈಬಲ್ಲಿನಲ್ಲಿ ಮುದುಕನಾದ ಇಸಾಕನ ಕಣ್ಣು ಕಾಣದಾಯಿತು ಎನ್ನುವಲ್ಲಿ ಬರುವ ಕ್ರಿಯಾಪದ ಇದರದ್ದೇ. (ಕಲಿಗುಲಾ ಚಕ್ರವರ್ತಿಯ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ. ಅವನದು ‘ಕಲಿಗ’, ಸಿಪಾಯಿಗಳ ಚಪ್ಪಲಿ. ಪುಟ್ಟ ಚಪ್ಪಲಿ ಎಂದು ಸೈನಿಕರು ಇಟ್ಟ ಅಡ್ಡಹೆಸರು.)

ಕಾಲೀಗೋ ಹೇಗಿರುತ್ತದೆ ಎಂದು ತಿಳಿಯಲು ಕಿರಿಯ ಪ್ಲಿನಿಯ ಪತ್ರ ಓದಬೇಕು. ನೆರಳಿನ ಪಟ್ಟಿ ಮಾಡಿದ ಹಿರಿಯ ಪ್ಲಿನಿಯ ಅಕ್ಕನೋ ತಂಗಿಯೋ ಹೆತ್ತ ಮಗ ಈತ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಇವನಿಗೆ ಹದಿನೇಳು ವರ್ಷ. ಮಾವ ಆ ಅನಾಹುತದಲ್ಲೇ ತೀರಿಕೊಂಡ. ಈ ಹುಡುಗ ತಾಯಿಯ ಕೈ ಹಿಡಿದು ಮಿಸೇನುಮ್ ಊರಿನಿಂದ ಹೊರಬೀಳುತ್ತಿದ್ದಾಗ ಬೂದಿಯ ಮೋಡ ಬಂದು ಕವಿಯಿತು. ಎಂಥ ಕತ್ತಲು ಎಂದು ಹೇಳುವಾಗ ಅವನು ಪದಗಳನ್ನು ತೂಗಿ ನೋಡುತ್ತಾನೆ: ಚಂದ್ರ ಇಲ್ಲದ ರಾತ್ರಿಯಂತೆ ಅಲ್ಲ, ಮೋಡ ಕವಿದ ರಾತ್ರಿಯಂತೆಯೂ ಅಲ್ಲ, ಮುಚ್ಚಿದ ಕೋಣೆಯಲ್ಲಿ ದೀಪ ಆರಿಸಿದಾಗ ಆಗುತ್ತದಲ್ಲ, ಹಾಗೆ. ಕೊನೆಗೆ ಅದು ತೆಳುವಾಗಿ ಹೊಗೆಯಂತೆ ಮಂಜಿನಂತೆ ಕರಗಿತು ಎನ್ನುವಾಗ ಬಳಸುವ ಪದ ಕಾಲೀಗೋ. ಕರಗಿ ಹೋಗಬಲ್ಲ ಕತ್ತಲು ಅದು. ತೆನೆಬ್ರೈ ಹೀಗೆ ಹೊಗೆಯಂತೆ ಕರಗುವುದಿಲ್ಲ, ಬೆಳಕು ತಂದರಷ್ಟೇ ಹೋಗುತ್ತದೆ.

ಇನ್ನೂ ಕೆಲವು ಪದಗಳಿವೆ, ಬೇಗ ಹೇಳಿಬಿಡುತ್ತೇನೆ. ‘ಆತೆರ್’ ಹೊಳಪಿಲ್ಲದ ಮಂಕು ಕಪ್ಪು, ‘ನಿಗೆರ್’ ಮಿರಮಿರ ಮಿಂಚುವ ಕಪ್ಪು. ಇದ್ದಿಲು ಮತ್ತು ಕಾಗೆಯ ರೆಕ್ಕೆ ಎಂದುಕೊಳ್ಳಿ. ಅಪಶಕುನದ ದಿನಗಳೆಲ್ಲ ಆತೆರ್ ದಿನಗಳು. ‘ಒಪಾಕುಸ್’ ಎಂದರೆ ದಟ್ಟ ನೆರಳಿರುವ ಜಾಗ, ಸಾಮಾನ್ಯವಾಗಿ ಹೊಗಳಿಕೆಯ ಮಾತು. ‘ಕ್ರೆಪುಸ್ಕುಲುಮ್’ ಮುಸ್ಸಂಜೆ. ಭಾಷೆಯ ಬಗ್ಗೆ ಬರೆದ ವರ್ರೋ ಹೇಳುವ ಪ್ರಕಾರ ಆ ಪದದಲ್ಲಿ ‘ಅನುಮಾನ’ ಎಂಬ ಅರ್ಥ ಅಡಗಿದೆ. ಹಗಲೋ ರಾತ್ರಿಯೋ ಗೊತ್ತಾಗದ ಹೊತ್ತು. ಆ ಹೊತ್ತಿನಲ್ಲಿ ಹುಟ್ಟಿದವರಿಗೆ ಕ್ರೆಪುಸ್ಕುಸ್ ಎಂದೂ ನಸುಕಿನಲ್ಲಿ ಹುಟ್ಟಿದವರಿಗೆ ಲೂಕಿಯುಸ್ ಎಂದೂ ಹೆಸರಿಡುತ್ತಿದ್ದರಂತೆ.

‘ಲೂಕುಸ್’ ಎಂಬ ಪದದ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದು ದೇವರ ಕಾಡು, ನಮ್ಮ ಕೊಡಗಿನ ದೇವರಕಾಡಿನಂಥದ್ದು. ಬೆಳಕಿಗೆ ಇರುವ ‘ಲೂಕ್ಸ್’ ಪದಕ್ಕೂ ಇದಕ್ಕೂ ಹೋಲಿಕೆ ಕಂಡು ಹಳೆಯ ಪಂಡಿತರು ತಬ್ಬಿಬ್ಬಾದರು. ಒಳಗೆ ಬೆಳಕಿಲ್ಲದ್ದರಿಂದಲೇ ಆ ಹೆಸರು ಬಂತು ಎಂಬ ವಿವರಣೆಯನ್ನೂ ಕೊಟ್ಟರು! ಭಾಷಣಕಲೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಇದನ್ನು ನಂಬದೆ ಚೇಷ್ಟೆ ಮಾಡಿದ್ದಾನೆ. ನಿಜ ಏನೆಂದರೆ ಲೂಕುಸ್ ಮೊದಲಿಗೆ ಕಾಡಿನ ನಡುವೆ ಬೆಳಕು ಬೀಳುವ ಬಯಲು. ಸಂಸ್ಕೃತದ ‘ಲೋಕ’ವೂ ಇದೇ ಪದ. ಅದಕ್ಕೂ ಮೊದಲ ಅರ್ಥ ತೆರೆದ ಜಾಗ ಎಂದೇ.

ಈ ಪದಗಳೆಲ್ಲ ಒಟ್ಟಿಗೆ ಬಾಳುವುದು ಎಲ್ಲಿ ಅಂದರೆ ವರ್ಜಿಲನ ‘ಐನೇಯ್ಸ್’ ಮಹಾಕಾವ್ಯದ ಆರನೇ ಪರ್ವದಲ್ಲಿ. ಕ್ರಿ.ಪೂ. 19ರಲ್ಲಿ ಕವಿ ಸತ್ತಾಗ ಇನ್ನೂ ಪೂರ್ತಿ ತಿದ್ದಿ ಮುಗಿಸಿರದ ಕೃತಿ ಅದು. ನಾಯಕ ಮತ್ತು ಅವನ ಜೊತೆಗಿರುವ ಕಣಿ ಹೇಳುವವಳು ಸತ್ತವರ ನಾಡಿಗೆ ಇಳಿಯುತ್ತಾರೆ. ‘ಈಬಂತ್ ಒಬ್ಸ್ಕೂರೀ ಸೋಲಾ ಸುಬ್ ನೊಕ್ತೆ ಪೆರ್ ಉಂಬ್ರಮ್.’ ಒಂಟಿ ಇರುಳಿನಡಿಯಲ್ಲಿ, ಮಸುಕಾದವರು, ನೆರಳನ್ನು ಹಾಯ್ದು ನಡೆಯುತ್ತಿದ್ದರು. ಒಂಟಿಯಾಗಿದ್ದವರು ಅವರು, ಮಸುಕಾಗಿದ್ದದ್ದು ಇರುಳು. ಕವಿ ಎರಡನ್ನೂ ಅದಲುಬದಲು ಮಾಡಿದ್ದಾನೆ. ಕತ್ತಲಲ್ಲಿ ಯಾವುದು ಯಾರದು ಎಂದು ಗೊತ್ತಾಗದ ಹಾಗೆ ಪದಗಳೂ ಜಾಗ ತಪ್ಪಿವೆ.

ಮುಂದಿನ ಸಾಲುಗಳು ನಿಮಗಾಗಿಯೇ ಬರೆದ ಹಾಗಿವೆ. ಅವರ ನಡಿಗೆ ಹೇಗಿತ್ತೆಂದರೆ, ನೆಚ್ಚಲಾಗದ ತಿಂಗಳ ಬೆಳಕಲ್ಲಿ ಕಾಡುದಾರಿ ಹಿಡಿದ ಹಾಗೆ. ಆಕಾಶವನ್ನು ನೆರಳು ಮುಚ್ಚಿದೆ, ಕಪ್ಪು ರಾತ್ರಿ ವಸ್ತುಗಳ ಬಣ್ಣವನ್ನು ಕಿತ್ತುಕೊಂಡಿದೆ. ಆ ಬೆಳಕಿಗೆ ಅವನು ‘ಮಲಿಗ್ನಾ’ ಎನ್ನುತ್ತಾನೆ. ಇಂಗ್ಲಿಷಿನ ಕಿವಿಗೆ ಅದು ಕೇಡು, ಕ್ಯಾನ್ಸರು ಎಂದೆಲ್ಲ ಕೇಳೀತು. ಇಲ್ಲಿ ಅದರ ಅರ್ಥ ಜಿಪುಣ. ಕೈ ಬಿಗಿಹಿಡಿದು ಚೂರೇ ಚೂರು ಕೊಡುವ ಬೆಳಕು. ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲಾರದು, ಆಕಾರ ಮಾತ್ರ ಕಾಣುತ್ತದೆ. ಅದನ್ನು ಎರಡು ಸಾವಿರ ವರ್ಷದ ಹಿಂದೆಯೇ ಒಬ್ಬ ಇಷ್ಟು ಸರಿಯಾಗಿ ನೋಡಿದ್ದ. ಸ್ವಲ್ಪ ಮುಂದೆ, ತನ್ನಿಂದಾಗಿ ಸತ್ತ ಪ್ರೇಯಸಿ ದೀದೋಳನ್ನು ನಾಯಕ ಆ ನೆರಳಿನಲ್ಲಿ ಕಾಣುತ್ತಾನೆ. ಬಿದಿಗೆ ಚಂದ್ರನನ್ನು ಮೋಡದ ನಡುವೆ ಕಂಡ ಹಾಗೆ, ಅಥವಾ ಕಂಡೆ ಎಂದುಕೊಂಡ ಹಾಗೆ. ಸತ್ತವರಿಗೂ ಲ್ಯಾಟಿನ್ನಿನಲ್ಲಿ ಉಂಬ್ರ ಎಂದೇ ಹೆಸರು. ಆಕಾರ ಉಳಿದಿದೆ, ಹಿಡಿಯಲು ಹೋದರೆ ಏನೂ ಇಲ್ಲ.

ಇನ್ನು ನಿಮ್ಮ ಹೆಸರಿಗೆ ಬರೋಣ. ಜಗಲಿ, ಮರ, ಚಪ್ಪರದ ಚಿತ್ರಗಳೇ ಜಾಸ್ತಿ ಇದ್ದರೆ ‘ಇನ್ ಉಂಬ್ರಾ’ ಇಡಿ, ನೆರಳಲ್ಲಿ ಎಂದರ್ಥ. ಕೊನೆಯ ದೀರ್ಘ ಗಮನಿಸಿ. ‘ಉಂಬ್ರ’ ಎಂದರೆ ನೆರಳು, ‘ಉಂಬ್ರಾ’ ಎಂದರೆ ನೆರಳಲ್ಲಿ, ನೆರಳಿನಿಂದ. ರೋಮನ್ ಲಿಪಿಯಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿ ವ್ಯತ್ಯಾಸ ತಾನಾಗಿ ಕಾಣುತ್ತದೆ. ಹಾಗಾಗಿ ಹೆಸರನ್ನು ಕನ್ನಡದಲ್ಲೂ ಬರೆಸಿ.

ಆದರೆ ನೀವು ಹೇಳಿದ ಒಳಕೋಣೆ, ದೀಪದ ಹೊತ್ತಿನ ಹಿತ್ತಲು ಕೇಳಿದರೆ ನನ್ನ ಮನಸ್ಸು ವರ್ಜಿಲನ ಕಡೆಗೇ ಹೋಗುತ್ತದೆ. ‘ಸುಬ್ ಲೂಕೆ ಮಲಿಗ್ನಾ’, ಜಿಪುಣ ಬೆಳಕಿನಡಿಯಲ್ಲಿ. ಚಿತ್ರ ತೆಗೆಯುವವರಿಗೆ ಕತ್ತಲಿಗಿಂತ ಈ ಜಿಪುಣ ಬೆಳಕಿನ ಜೊತೆಗೇ ಅಲ್ವಾ ಹೆಣಗಾಟ? ತೆನೆಬ್ರೈ ನಿಮ್ಮ ಚಿತ್ರಗಳಿಗೆ ಹೊಂದುವುದಿಲ್ಲ. ಅಲ್ಲಿ ಕ್ಯಾಮೆರಾಕ್ಕೆ ಏನೂ ಸಿಗುವುದಿಲ್ಲ. ಆದರೂ ಅದೇ ಬೇಕು ಎಂದು ಹಟ ಇದ್ದರೆ ಇಡಿ, ಬೇಡ ಎನ್ನುವುದಿಲ್ಲ. ನೀವು ಹುಡುಕಿದಲ್ಲಿ ಸಿಕ್ಕ ‘ಟೆನೆಬ್ರಾ’ ಮಾತ್ರ ಬೇಡ. ರೋಮನ್ ಲಿಪಿಯಲ್ಲಿ ಬರೆಸುವಾಗ ಕೊನೆಗೆ ಎ, ಇ ಎರಡೂ ಅಕ್ಷರ ಇವೆಯಾ ಎಂದು ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡಿಕೊಳ್ಳಿ.